‘ತಿಥಿ’: ನಗೆಯೊಳಗಿನ ಕೌಟುಂಬಿಕ ಬಿರುಕು

ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ (2015) ಚಿತ್ರವು ಮಂಡ್ಯ ಸೀಮೆಯ ಕುಟುಂಬವೊಂದರ ನಾಲ್ಕು ತಲೆಮಾರುಗಳನ್ನು ಕುರಿತದ್ದಾಗಿದೆ. 101 ವರ್ಷದ ಸೆಂಚುರಿ ಗೌಡನ ಮರಣಾನಂತರ ಜಮೀನು ಮಗ ಗಡ್ಡಪ್ಪನಿಗೆ ಸಲ್ಲಬೇಕು. ಅಲೆಮಾರಿಯಾದ ಆತನಿಗೆ ಆಸ್ತಿಯ ಗೊಡವೆಯಿಲ್ಲ. ಜಮೀನು ಮಾರಹೊರಟ ಮೊಮ್ಮಗ ತಮ್ಮಣ್ಣನು ಬದುಕಿರುವ ತಂದೆಯ ಹೆಸರಿನಲ್ಲಿ ಸುಳ್ಳು ಮರಣಪತ್ರ ಮಾಡಿಸುತ್ತಾನೆ. ಅಜ್ಜನ ಹನ್ನೊಂದನೆಯ ದಿನದ ಕರ್ಮಕ್ಕೆ ಅಣಿಯಾಗುವ ಕೈಯೇ ತಂದೆಯನ್ನು ಕಾಗದದ ಮೇಲೆ ಸಾಯಿಸುತ್ತದೆ. ಹಾಸ್ಯವೂ ವಿಷಾದವೂ ಹುಟ್ಟುವುದು ಈ ವೈರುಧ್ಯದಿಂದಲೇ.

ವೃತ್ತಿನಟರಲ್ಲದ ಗ್ರಾಮಸ್ಥರ ಆಡುನುಡಿಯೇ ಇದಕ್ಕೆ ಆಧಾರ. ಬಂಧುತ್ವದ ಬಿಸುಪು, ಬೇಸರಗಳೆರಡೂ ಶಿಷ್ಟಕನ್ನಡದಲ್ಲಿ ಹೀಗೆ ಮೂಡಲಾರವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮರಾಠಿ ಬೆರೆತ ಗಡಿಗನ್ನಡದಲ್ಲಿಯೂ ಮನೆಯ ಜಗಳಕ್ಕೆ ತನ್ನದೇ ಲಯವಿದೆ. ಉಪಭಾಷೆಯನ್ನು ಕೇವಲ ನಗೆಯ ಸಾಧನವಾಗಿಸದೆ ಸಂಬಂಧಗಳ ಶೋಧಕ್ಕೆ ಬಳಸುವ ಬಗೆಗೆ ಈ ಸೀಮೆಯ ಅಧ್ಯಯನಕಾರರಿಗೆ ‘ತಿಥಿ’ ಉತ್ತಮ ನಿದರ್ಶನವಾಗಿದೆ.