ಪ್ಲಂಬಿಂಗ್ ಅಂದ್ರೆ ಬರೀ ನಲ್ಲಿ ರಿಪೇರಿ ಅಲ್ಲ!

‘ಸರಿಯಾಗಿ ಓದದಿದ್ರೆ ನಲ್ಲಿ ರಿಪೇರಿ ಮಾಡ್ಕೊಂಡಿರ್ತೀಯ’ ಎಂಬ ಬೈಗುಳ ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಆದರೆ ಮನೆಯ ಗೋಡೆಯೊಳಗಿನ ನೀರಿನ ವ್ಯವಸ್ಥೆ ಈಗ ಬಹಳ ಬದಲಾಗಿದೆ. ಹೊಸ ಸಾಧನಗಳೇನೋ ಅಂಗಡಿಯಲ್ಲಿ ಸಿಗುತ್ತವೆ. ಅವುಗಳನ್ನು ತಿಳಿದು, ಸರಿಯಾಗಿ ಕೂರಿಸುವ ಕೈಗಳು ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಕೆಲಸ ಹುಡುಕುತ್ತಿರುವ ನಾವು ಗಮನಿಸಬೇಕಾದ್ದು ಇದನ್ನೇ.

ಪುಟ್ಟ ಜಾಲರಿ, ದೊಡ್ಡ ಉಳಿತಾಯ

2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಜನ ಟ್ಯಾಂಕರ್‌ಗಾಗಿ ಪರದಾಡಿದ್ದು ನೆನಪಿರಬಹುದು. ಆಗ ಜಲಮಂಡಳಿ ವಾಣಿಜ್ಯ ಕಟ್ಟಡ, ಹೋಟೆಲ್, ಅಪಾರ್ಟ್‌ಮೆಂಟ್ ಮೊದಲಾದ ಕಡೆ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತು. ನಲ್ಲಿಯ ತುದಿಗೆ ತಿರುಗಿಸಿ ಹಾಕುವ ಈ ಜಾಲರಿ ನೀರಿನ ಜೊತೆ ಗಾಳಿ ಬೆರೆಸುತ್ತದೆ. ಧಾರೆ ತುಂಬಿ ಬಂದಂತೆ ಕಂಡರೂ ಖರ್ಚಾಗುವ ನೀರು ಕಡಿಮೆ. ಆದರೆ ಇದನ್ನು ಎಲ್ಲಿ ಹಾಕಬೇಕೆಂದು ಗೊತ್ತಿರಬೇಕು. ಕೈ ತೊಳೆಯುವ ಬೇಸಿನ್, ಅಡುಗೆಮನೆಯ ಸಿಂಕ್‌ಗೆ ಸರಿ. ಬಕೆಟ್ ತುಂಬಿಸುವ ನಲ್ಲಿಗೆ ಹಾಕಿದರೆ ಉಳಿತಾಯವಿಲ್ಲ, ಕಾಯುವುದಷ್ಟೇ ಹೆಚ್ಚು. ಗಡಸು ನೀರಿರುವ ಕಡೆ ಉಪ್ಪು ಕಟ್ಟಿಕೊಳ್ಳುವುದರಿಂದ ಆಗಾಗ ಬಿಚ್ಚಿ ತೊಳೆಯಬೇಕು.

ತುಕ್ಕು ಹೋಯಿತು, ಅಂಟು ಬಂತು

ಹಿಂದೆ ಜಿ.ಐ. ಪೈಪಿಗೆ ಥ್ರೆಡ್ ಹಾಕಿ, ನೂಲು ಸುತ್ತಿ ಬಿಗಿಯುತ್ತಿದ್ದರು. ಕೆಲವೇ ವರ್ಷಗಳಲ್ಲಿ ಒಳಗೆಲ್ಲಾ ತುಕ್ಕು. ಈಗ ಬಿಸಿನೀರಿಗೆ ಸಿ.ಪಿ.ವಿ.ಸಿ. ಪೈಪು ಸಾಮಾನ್ಯ. ಇದು ಸುಮಾರು 93 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ. ಸೋಲಾರ್ ಹೀಟರಿನ ಲೈನಿಗೆ ಸಾದಾ ಪಿ.ವಿ.ಸಿ. ಹಾಕಿದರೆ ಅದು ಮೆತ್ತಗಾಗಿ ಜೋತುಬೀಳುತ್ತದೆ. ಸಿ.ಪಿ.ವಿ.ಸಿ.ಗೆ ಅದರದ್ದೇ ಸಾಲ್ವೆಂಟ್ ಬೇಕು. ಅಂಟು ಒಣಗುವ ಮೊದಲೇ ನೀರು ಬಿಟ್ಟರೆ ಜಾಯಿಂಟ್ ಸೋರುತ್ತದೆ. ಸೋರುವುದು ಗೊತ್ತಾಗುವ ಹೊತ್ತಿಗೆ ಮೇಲೆ ಟೈಲ್ಸ್ ಬಿದ್ದಿರುತ್ತದೆ!

ಸೋರಿಕೆಗೂ ಲೆಕ್ಕವಿದೆ

ನಗರವಾಸಿಯೊಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ನಮ್ಮ ದೇಶದಲ್ಲಿ ಬಳಸುವ ಮಾನದಂಡ. ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕಿನಿಂದ ನಿಮಿಷಕ್ಕೆ ಬರೀ 100 ಮಿ.ಲೀ. ಸೋರಿದರೂ ದಿನಕ್ಕೆ 144 ಲೀಟರ್ ಆಯಿತು. ಮನೆಯಲ್ಲಿ ಕಾಣದ ಒಬ್ಬ ಸದಸ್ಯ ಇದ್ದಂತೆ! ಇಂಥದ್ದನ್ನು ಹಿಡಿದುಕೊಡುವುದೇ ಮೀಟರ್.

ಅಪಾರ್ಟ್‌ಮೆಂಟ್‌ಗಳಲ್ಲಿ ನೀರಿನ ಬಿಲ್ಲನ್ನು ಎಲ್ಲರಿಗೂ ಹಂಚುವ ಪದ್ಧತಿ ಇರುವ ಕಡೆ ಉಳಿಸಿದವರಿಗೂ ಪೋಲು ಮಾಡಿದವರಿಗೂ ಲೆಕ್ಕ ಒಂದೇ. ಮನೆಗೊಂದು ಮೀಟರ್ ಇದ್ದರೆ ಬಳಸಿದಷ್ಟಕ್ಕೆ ದುಡ್ಡು. ತಿರುಗುವ ಭಾಗಗಳೇ ಇಲ್ಲದ ಅಲ್ಟ್ರಾಸಾನಿಕ್ ಮೀಟರ್‌ಗಳೂ, ಮೊಬೈಲಿಗೇ ಲೆಕ್ಕ ಕಳಿಸುವ ಮೀಟರ್‌ಗಳೂ ಬಂದಿವೆ. ಆದರೆ ಹಳೆಯ ಕಟ್ಟಡಗಳಲ್ಲಿ ಒಂದೊಂದು ಬಾತ್‌ರೂಮಿಗೂ ಅಡುಗೆಮನೆಗೂ ಬೇರೆ ಬೇರೆ ಪೈಪು ಇಳಿದಿರುತ್ತದೆ. ಹಾಗಾಗಿ ಒಂದು ಫ್ಲ್ಯಾಟಿಗೆ ಮೂರ್ನಾಲ್ಕು ಮೀಟರ್ ಬೇಕಾಗಬಹುದು. ನಕ್ಷೆ ಬರೆಯುವಾಗಲೇ ಫ್ಲ್ಯಾಟಿಗೊಂದು ಲೈನ್ ಎಂದು ಯೋಚಿಸಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ. ಶುದ್ಧೀಕರಿಸಿದ ನೀರನ್ನು ಫ್ಲಶ್‌ಗೆ ಬಳಸುವ ಎರಡು ಪೈಪಿನ ವ್ಯವಸ್ಥೆಯೂ ಅಷ್ಟೇ. ಕಟ್ಟುವಾಗ ಮಾಡಿದರೆ ಸುಲಭ, ಕಟ್ಟಿದ ಮೇಲೆ ಗೋಡೆ ಒಡೆಯಬೇಕು.

ನಮಗೇನು ಅವಕಾಶ?

ಐಟಿಐನಲ್ಲಿ ಪ್ಲಂಬರ್ ಒಂದು ವರ್ಷದ ಕೋರ್ಸ್. ಅದರ ಜೊತೆ ಮೀಟರ್, ಸೆನ್ಸರ್, ಪ್ರೆಷರ್ ಪಂಪ್‌ಗಳ ಜೋಡಣೆ ಕಲಿತವರು ಸ್ವಂತ ಸರ್ವೀಸ್ ಶುರು ಮಾಡಬಹುದು. ಡಿಪ್ಲೊಮಾ, ಬಿಇ ಓದುವವರಿಗೆ ಕಟ್ಟಡಗಳ ನೀರು, ಒಳಚರಂಡಿ ವ್ಯವಸ್ಥೆ ವಿನ್ಯಾಸ ಮಾಡುವ ಕನ್ಸಲ್ಟೆನ್ಸಿಗಳಿವೆ. ಸಾಫ್ಟ್‌ವೇರ್ ಕಡೆಗೇ ಓಡುವ ನನ್ನ ಸಹಪಾಠಿಗಳಲ್ಲಿ ಈ ಕ್ಷೇತ್ರದ ಹೆಸರೆತ್ತುವವರು ಕಡಿಮೆ. ನೀರಿನ ಒತ್ತಡದ ಲೆಕ್ಕ ಪರೀಕ್ಷೆಯಲ್ಲಿ ಬರೆದು ಬರುತ್ತೇವೆ. ಟ್ಯಾಂಕಿನ ಕೆಳಗಿನ ಮಹಡಿಯಲ್ಲೇ ಶವರ್ ಯಾಕೆ ಜೋರಾಗಿ ಬರುವುದಿಲ್ಲ ಎಂದರೆ ತಡಬಡಾಯಿಸುತ್ತೇವೆ. ಹತ್ತು ಮೀಟರ್ ಎತ್ತರದಿಂದ ನೀರು ಇಳಿದರೆ ಸಿಗುವ ಒತ್ತಡ ಸುಮಾರು 1 ಬಾರ್. ಆ ಮಹಡಿಗೆ ಎರಡು ಮೂರು ಮೀಟರ್ ಎತ್ತರವೂ ಸಿಗುವುದು ಕಷ್ಟ, ಅಷ್ಟೇ!

ಕಲಿಯಲು ದೊಡ್ಡ ಲ್ಯಾಬ್ ಬೇಕಿಲ್ಲ. ಈ ಭಾನುವಾರ ಒಂದು ಲೀಟರಿನ ಬಾಟಲಿ ಹಿಡಿದು ನಿಮ್ಮ ಹಾಸ್ಟೆಲ್ಲಿನ ನಲ್ಲಿಯ ಕೆಳಗಿಡಿ. ಆರು ಸೆಕೆಂಡಿನಲ್ಲಿ ತುಂಬಿದರೆ ಆ ನಲ್ಲಿ ನಿಮಿಷಕ್ಕೆ 10 ಲೀಟರ್ ಹರಿಸುತ್ತಿದೆ. ಎಷ್ಟು ನಲ್ಲಿಗಳಿವೆ, ದಿನಕ್ಕೆ ಎಷ್ಟು ಹೊತ್ತು ತೆರೆದಿರುತ್ತವೆ ಎಂದು ಬರೆದುಕೊಂಡು ವಾರ್ಡನ್ ಮುಂದಿಡಿ. ನಿಮ್ಮ ಮೊದಲ ಪ್ರಾಜೆಕ್ಟ್ ಅಲ್ಲೇ ಸಿಗಬಹುದು.