ಗಾಳಿಗೂ ಅನಿಲಕ್ಕೂ ಇರುವ ಭೇದ

ಸಂಸ್ಕೃತ ಕೋಶಗಳಲ್ಲಿ ವಾಯು, ಅನಿಲ ಎಂಬ ಎರಡು ಶಬ್ದಗಳಿಗೂ ಗಾಳಿಯೆಂಬ ಒಂದೇ ಅರ್ಥವನ್ನು ಹೇಳಿದೆ. ಆದರೆ ರಸಾಯನಶಾಸ್ತ್ರದಲ್ಲಿ ಅನಿಲವೆಂಬುದು ಬೇರೊಂದು ಅರ್ಥದಲ್ಲಿ ರೂಢವಾಗಿದೆ. ಈ ಭೇದವು ಪಂಡಿತರ ಚರ್ಚೆಗೆ ಮಾತ್ರ ಸೇರಿದುದೆಂದು ಎಣಿಸಕೂಡದು. ಹಗೇವು, ಹಾಳುಬಾವಿ, ಸಗಣಿ ಅನಿಲದ ಗುಂಡಿ ಮುಂತಾದವುಗಳಿಗೆ ಆಳುಗಳನ್ನು ಇಳಿಸುವ ಜಮೀನುದಾರರೂ ಗ್ರಾಮದ ಮುಖಂಡರೂ ಇದನ್ನು ಅರಿಯದೆ ಹೋದರೆ ಪ್ರಾಣಹಾನಿಯೇ ಸಂಭವಿಸಬಹುದು.

ಪದಾರ್ಥಗಳು ಸಾಮಾನ್ಯವಾಗಿ ಘನ, ದ್ರವ, ಅನಿಲ ಎಂಬ ಮೂರು ಸ್ಥಿತಿಗಳಲ್ಲಿ ಕಂಡುಬರುತ್ತವೆ. ತನ್ನದೆಂಬ ಆಕಾರವಾಗಲಿ ಗೊತ್ತಾದ ಗಾತ್ರವಾಗಲಿ ಇಲ್ಲದೆ, ಇಟ್ಟ ಪಾತ್ರೆಯನ್ನೆಲ್ಲ ವ್ಯಾಪಿಸುವ ಪದಾರ್ಥವು ಅನಿಲವೆನಿಸುವುದು. ಧಾನ್ಯವೆಂದರೆ ರಾಗಿ, ಜೋಳ, ಭತ್ತ ಎಲ್ಲಕ್ಕೂ ಸಲ್ಲುವ ಹೆಸರಾಗಿರುವಂತೆ, ಅನಿಲವೆಂಬುದು ಇಂತಹ ಪದಾರ್ಥಗಳೆಲ್ಲಕ್ಕೂ ಸಲ್ಲುವ ಹೆಸರು. ಗಾಳಿಯಾದರೋ ಅನೇಕ ಧಾನ್ಯಗಳು ಬೆರೆತ ಒಂದು ರಾಶಿಯಂತೆ, ಹಲವು ಅನಿಲಗಳ ಮಿಶ್ರಣ. ತೇವವಿಲ್ಲದ ಗಾಳಿಯ 100 ಭಾಗಗಳಲ್ಲಿ ಸುಮಾರು 78 ಭಾಗ ಸಾರಜನಕ, 21 ಭಾಗ ಆಮ್ಲಜನಕ, ಒಂದು ಭಾಗಕ್ಕೆ ತುಸು ಕಡಿಮೆ ಆರ್ಗಾನ್ ಇರುತ್ತವೆ. ಇಂಗಾಲಾಮ್ಲವು, ಅಂದರೆ ಈಗ ಇಂಗಾಲದ ಡೈಆಕ್ಸೈಡ್ ಎಂದು ಕರೆಯುವ ಅನಿಲವು, 10,000 ಭಾಗಗಳಲ್ಲಿ ನಾಲ್ಕರಷ್ಟು ಮಾತ್ರ ಇರುವುದು. ಆದುದರಿಂದ ಗಾಳಿಯು ಅನಿಲವೇ ಹೌದು. ಆದರೆ ಅನಿಲವೆಲ್ಲವೂ ಗಾಳಿಯಲ್ಲ.

ಗ್ಯಾಸ್ ಎಂಬ ಶಬ್ದವನ್ನು 17ನೆಯ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ಯೂರೋಪಿನ ವಿದ್ವಾಂಸನು ಬಳಕೆಗೆ ತಂದನು. ಇದ್ದಲು ಉರಿಯುವಾಗಲೂ ದ್ರಾಕ್ಷಾರಸವು ಹುಳಿಯುವಾಗಲೂ ಹೊರಡುವ ವಸ್ತುವು ಸಾಧಾರಣ ಗಾಳಿಯಲ್ಲವೆಂದು ಆತನು ಕಂಡುಕೊಂಡನು. ಅದೇ ಇಂಗಾಲಾಮ್ಲ. ಇದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಾಳಿಗಿಂತ ಸುಮಾರು ಒಂದೂವರೆಯಷ್ಟು ಭಾರವಾಗಿರುವುದರಿಂದ ತಗ್ಗಿನಲ್ಲಿ ನಿಲ್ಲುವ ಸ್ವಭಾವವುಳ್ಳದ್ದು.

ಉತ್ತರ ಕರ್ಣಾಟಕದ ಎರೆಭೂಮಿಯಲ್ಲಿ ಜೋಳವನ್ನು ಹಗೇವುಗಳಲ್ಲಿ ತುಂಬಿ ಬಾಯಿ ಮುಚ್ಚಿಡುವ ಪದ್ಧತಿಯು ಬಹುಕಾಲದಿಂದ ಬಂದುದು. ಧಾನ್ಯವು ಜೀವವುಳ್ಳದ್ದಾದುದರಿಂದ ಅದೂ, ಅದರೊಳಗಿನ ಹುಳುಗಳೂ ಬೂಷ್ಟೂ ಉಸಿರಾಡುತ್ತ ಆಮ್ಲಜನಕವನ್ನು ಕಳೆದು ಇಂಗಾಲಾಮ್ಲವನ್ನು ಹೊರಬಿಡುವುವು. ಆಮ್ಲಜನಕವು ತೀರುತ್ತ ಬಂದಂತೆ ಹುಳುಗಳು ಸಾಯುವುವು; ಹಗೇವಿನ ಧಾನ್ಯವು ಹುಳು ಹಿಡಿಯದೆ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಹುಳುವಿಗಾದ ಗತಿಯೇ ಅವಸರದಿಂದ ಇಳಿದ ಮನುಷ್ಯನಿಗೂ ಆಗುವುದು. ಆಮ್ಲಜನಕವು ನೂರಕ್ಕೆ 10 ಭಾಗಕ್ಕಿಂತ ಕಡಿಮೆಯಾದಲ್ಲಿ ಕೂಗಿ ಕರೆಯುವುದಕ್ಕೂ ಅವಕಾಶವಿಲ್ಲದೆ ಪ್ರಜ್ಞೆ ತಪ್ಪಬಹುದು. ಎಲೆಕಸ ಕೊಳೆಯುವ ಹಾಳುಬಾವಿಗಳಲ್ಲಿಯೂ ಇದೇ ಅಪಾಯವುಂಟು.

ದೀಪವನ್ನು ಇಳಿಸಿ ನೋಡುವ ವಾಡಿಕೆಯು ಕೆಲವೆಡೆ ಇದೆ. ದೀಪವು ಆರಿದರೆ ಅಪಾಯವಿದೆಯೆಂಬುದು ನಿಶ್ಚಯ. ಆದರೆ ಉರಿದ ಮಾತ್ರಕ್ಕೆ ಕ್ಷೇಮವೆಂದು ನಂಬಕೂಡದು. ಬಾವಿಯೊಳಗೆ ಎಣ್ಣೆಯ ಎಂಜಿನ್ನನ್ನು ನಡೆಯಿಸಿದಾಗ ಹೊರಡುವ ಇಂಗಾಲದ ಮಾನಾಕ್ಸೈಡ್ ವಾಸನೆಯಿಲ್ಲದ ವಿಷ. ಅದು ಮನುಷ್ಯನನ್ನು ಕೊಲ್ಲುವಷ್ಟು ಇದ್ದರೂ ದೀಪವು ಆರದೆ ಉರಿಯುವುದು. ಸಗಣಿ ಅನಿಲದ ಗುಂಡಿ, ಮಲಗುಂಡಿಗಳ ಬಳಿಗೆ ದೀಪವನ್ನು ತರಲೇಬಾರದು. ಅಲ್ಲಿಯ ಮೀಥೇನ್ ಅನಿಲವು ಗಾಳಿಯಲ್ಲಿ ನೂರಕ್ಕೆ 5ರಿಂದ 15 ಭಾಗ ಬೆರೆತಿದ್ದರೆ ಕಿಡಿ ತಗುಲಿದೊಡನೆ ಸಿಡಿಯುವುದು. ಅಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯಂತೆ ನಾರುವುದಾದರೂ, ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುವುದು. ಆದಕಾರಣ ವಾಸನೆ ನಿಂತಿತೆಂದು ಧೈರ್ಯಗೊಳ್ಳುವುದು ಸಲ್ಲದು.

ಈ ಕೆಳಗಿನ ಸಂಗತಿಗಳನ್ನು ತಪ್ಪದೆ ನಡೆಯಿಸತಕ್ಕದ್ದು:

1. ಹಗೇವು ಅಥವಾ ಹಾಳುಬಾವಿಯ ಬಾಯನ್ನು ತೆರೆದಿಟ್ಟರೆ ಮಾತ್ರ ಸಾಲದು. ಭಾರವಾದ ಅನಿಲವು ತಾನಾಗಿ ಬೇಗನೆ ಮೇಲೇರದು. ಗಾಳಿಯಂತ್ರದ ಕೊಳವೆಯನ್ನು ತಳದವರೆಗೆ ಬಿಟ್ಟು ಹೊಸ ಗಾಳಿಯನ್ನು ನುಗ್ಗಿಸಬೇಕು. ಕೆಲಸ ಮುಗಿಯುವವರೆಗೂ ಇದನ್ನು ನಿಲ್ಲಿಸಬಾರದು.

2. ಇಳಿಯುವ ಮೊದಲು ಅನಿಲಮಾಪಕದಿಂದ ಮೇಲೆ, ನಡುವೆ, ತಳದಲ್ಲಿ ಪರೀಕ್ಷೆ ಮಾಡಿಸಬೇಕು. ಅದು ದೊರೆಯದ ಪಕ್ಷದಲ್ಲಿ ಆಳನ್ನು ಇಳಿಸದಿರುವುದೇ ವಿಹಿತ.

3. ಇಳಿಯುವವನ ಮೈಗೆ ಗಟ್ಟಿಯಾದ ಹಗ್ಗವನ್ನು ಕಟ್ಟಿ, ಮೇಲೆಳೆಯಬಲ್ಲ ಜನರನ್ನು ಬಾಯಿಯ ಬಳಿ ನಿಲ್ಲಿಸಬೇಕು.

4. ಒಳಗಿನವನು ಕುಸಿದುಬಿದ್ದರೆ ಹಗ್ಗದಿಂದಲೇ ಎಳೆಯಬೇಕು. ಮತ್ತೊಬ್ಬನು ಬರಿಮೈಯಲ್ಲಿ ಇಳಿಯಕೂಡದು. ಒಡನೆಯೇ 112ಕ್ಕೆ ದೂರವಾಣಿ ಮಾಡಿ ಅಗ್ನಿಶಾಮಕ ದಳವನ್ನು ಕರೆಯಿಸಬೇಕು.

ಈ ನಾಲ್ಕನೆಯ ಅಂಶವನ್ನು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು. ಬಿದ್ದವನನ್ನು ಎತ್ತಲೆಂದು ಅಣ್ಣನೋ ಮಗನೋ ಹಿಂದುಮುಂದು ನೋಡದೆ ಇಳಿದು, ಒಬ್ಬರ ಹಿಂದೆ ಒಬ್ಬರಂತೆ ಒಂದೇ ಮನೆಯವರು ಮಡಿಯುವುದುಂಟು. ಅಂತಹ ಹೊತ್ತಿನಲ್ಲಿ ಬಂಧುಗಳಿಗೆ ವಿವೇಚನೆ ಉಳಿಯುವುದು ಕಷ್ಟ. ಅವರನ್ನು ತಡೆಯುವ ಹೊಣೆಯು ಊರಿನ ಮುಖಂಡರ ಮೇಲಿದೆ. ಆದುದರಿಂದ ಹಗೇವು ತೆಗೆಯುವ ಕಾಲಕ್ಕೂ ಬೇಸಗೆಯಲ್ಲಿ ಬಾವಿಯ ಹೂಳೆತ್ತುವ ಕಾಲಕ್ಕೂ ಮುಂಚಿತವಾಗಿಯೇ ಆಳುಗಳನ್ನು ಸೇರಿಸಿ ಈ ವಿಷಯವನ್ನು ತಿಳಿಯಹೇಳಬೇಕೆಂದು ಅಪೇಕ್ಷಿಸಲಾಗಿದೆ.