ಎಂಜಿನ್ ಆಯಿಲ್ ನೆನಪಿರ್ತದ, ಗೇರ್ ಆಯಿಲ್ ಯಾಕ್ ಮರೀತೀವಿ? ಮನೆಯಲ್ಲೇ ಬದಲಿಸೋ ಮೊದಲು ಇಷ್ಟು ತಿಳ್ಕೊಳ್ರಿ

ವಿದ್ಯಾಗಿರಿ: ಕಾರಿನ ಎಂಜಿನ್ ಆಯಿಲ್ ಯಾವಾಗ ಬದಲಿಸಿದ್ರಿ ಅಂತ ಕೇಳಿದರೆ ನಮ್ಮಲ್ಲಿ ಬಹಳ ಮಂದಿ ಥಟ್ಟನೆ ಹೇಳ್ತಾರೆ. ಗೇರ್ ಬಾಕ್ಸಿನ ಆಯಿಲ್ ಬಗ್ಗೆ ಕೇಳಿ ನೋಡ್ರಿ, 'ಅದನ್ನೂ ಬದಲಿಸಬೇಕೇನ್ರಿ?' ಅಂತ ತಿರುಗಿ ನಮ್ಮನ್ನೇ ಕೇಳ್ತಾರೆ. ತಪ್ಪು ಅವರದಷ್ಟೇ ಅಲ್ಲ. ಈ ಆಯಿಲ್ ಎಂಜಿನ್ ಆಯಿಲ್‌ನಂಗ ಬೇಗ ಕರ್ರಗಾಗೋದಿಲ್ಲ, ಸೋರಿಕೆ ಇಲ್ಲದಿದ್ದರೆ ಕಡಿಮೆ ಆಗೋದೂ ಇಲ್ಲ, ಮೀಟರ್‌ನಲ್ಲಿ ಇದಕ್ಕೊಂದು ಕೆಂಪು ದೀಪವೂ ಇಲ್ಲ. ಬಂಡಿ ಅಚ್ಚಿನ ಕೀಲೆಣ್ಣೆ ಒಣಗಿದ್ರ ಬಂಡಿ ಕಿರುಗುಟ್ಟಿ ಹೇಳ್ತಿತ್ತು. ಗೇರ್ ಬಾಕ್ಸ್ ಬಾಯಿಬಿಟ್ಟು ಹೇಳೋ ಹೊತ್ತಿಗೆ ಒಳಗೆ ಸವೆತ ಶುರುವಾಗಿರ್ತದ.

ಸಣ್ಣ ಕಾರುಗಳಿಗೆ ಬೇಕಾಗೋದು ಸುಮಾರು ಎರಡು ಲೀಟರ್ ಆಯಿಲ್. ಗೇರ್ ಬಾಕ್ಸ್ ಇಳಿಸಿ ಬಿಚ್ಚೋ ಖರ್ಚಿನ ಮುಂದೆ ಅದು ಏನೇನೂ ಅಲ್ಲ. ಬಾದಾಮಿ, ಹುನಗುಂದ, ಇಳಕಲ್ ಅಂತ ದಿನಾ ಮಾಲು ಹೊತ್ತು ತಿರುಗೋ ಓಮ್ನಿ, ಈಕೊ ಇಟ್ಟ ಅಂಗಡಿಯವರಿಗಂತೂ ಗಾಡಿ ನಾಲ್ಕು ದಿನ ನಿಂತರೆ ವ್ಯಾಪಾರವೇ ನಿಂತಂಗ. ಎಷ್ಟು ಕಿ.ಮೀ.ಗೆ ಬದಲಿಸಬೇಕು ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ. ಸಾಮಾನ್ಯವಾಗಿ 40 ಸಾವಿರದಿಂದ 80 ಸಾವಿರದೊಳಗೆ ಬರ್ತದ, ಆದ್ರೆ ನಿಮ್ಮ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದದ್ದೇ ಅಂತಿಮ. ಭಾರ ಹೊರೋ ಗಾಡಿ, ಧೂಳಿನ ರಸ್ತೆಯ ಗಾಡಿ ಇದ್ರ ಸ್ವಲ್ಪ ಮುಂಚೆಯೇ ಮಾಡಿಸಿದ್ರೆ ಒಳ್ಳೇದು.

ಬಹಳ ಜನ ಎಡವೋದು ಸ್ಪೇರ್ ಪಾರ್ಟ್ಸ್ ಅಂಗಡಿ ಕಟ್ಟೆ ಮೇಲೇ. 'ಗೇರ್ ಆಯಿಲ್ ಕೊಡ್ರಿ' ಅಂದ್ರ ಅಂಗಡಿಯವರು ಕೈಗೆ ಸಿಕ್ಕ 90 ನಂಬರ್ ಡಬ್ಬಿ ಕೊಡ್ತಾರೆ. ಡಬ್ಬಿ ಮೇಲೆ ಎರಡು ಸಂಗತಿ ನೋಡಬೇಕು. ಒಂದು ದಪ್ಪ: 75ಡಬ್ಲ್ಯೂ-80, 75ಡಬ್ಲ್ಯೂ-90 ಅಂತ ಇರ್ತದ. ಡಬ್ಲ್ಯೂ ಜೊತೆಗಿನ ಅಂಕಿ ತಂಪಿನಲ್ಲಿ ಆಯಿಲ್ ಎಷ್ಟು ಸರಾಗ ಹರಿಯುತ್ತದೆ ಅನ್ನೋದು, ಎರಡನೇದು ಕಾದಾಗಿನ ದಪ್ಪ. ಅಂದಹಾಗೆ ಈ 90 ನೋಡಿ ಹೆದರಬ್ಯಾಡ್ರಿ. ಗೇರ್ ಆಯಿಲ್ ಅಳತೆಯೇ ಬೇರೆ, ಇಲ್ಲಿನ 90 ಅಂದ್ರ ಎಂಜಿನ್ ಆಯಿಲ್‌ನ 40-50ರ ಆಸುಪಾಸು. 'ನಮ್ಮ ಕಡೆ ಬಿಸಿಲು ಜಾಸ್ತಿ, 140 ಹಾಕಿಬಿಡ್ರಿ' ಅನ್ನೋ ಸಲಹೆಯೂ ಸಿಗ್ತದ. ಕೇಳಬ್ಯಾಡ್ರಿ. ಡಿಸೆಂಬರ್ ತಿಂಗಳ ಮುಂಜಾನೆ ಗೇರ್ ಬೀಳದೆ ಒದ್ದಾಡಬೇಕಾಗ್ತದ.

ಎರಡನೇದು ಜಿಎಲ್-4 ಮತ್ತು ಜಿಎಲ್-5. ದೊಡ್ಡ ಅಂಕಿ ಅಂದ್ರ ಉತ್ತಮ ಮಾಲು ಅಂತ ಅನ್ಕೋಬ್ಯಾಡ್ರಿ. ಜಿಎಲ್-5ರಲ್ಲಿ ಭಾರಿ ಒತ್ತಡ ತಡೆಯೋಕೆ ಗಂಧಕ, ರಂಜಕ ಸೇರಿದ ರಾಸಾಯನಿಕ ಜಿಎಲ್-4ರ ಸುಮಾರು ಎರಡು ಪಟ್ಟು ಇರ್ತದ. ಗೇರ್ ಬಾಕ್ಸಿನೊಳಗೆ ಸಿಂಕ್ರೊ ರಿಂಗ್ ಅಂತ ಇರ್ತಾವ, ಬಹಳ ಕಾರುಗಳಲ್ಲಿ ಅವು ಹಿತ್ತಾಳೆಯವು. ಗೇರ್ ಬೀಳೋ ಮೊದಲು ಇವು ಹಲ್ಲಿನ ಗಾಲಿಗೆ ಒತ್ತಿ, ಘರ್ಷಣೆಯಿಂದ ಎರಡೂ ಕಡೆಯ ವೇಗ ಸಮ ಮಾಡ್ತಾವ. ಆಯಿಲ್ ಅತಿಯಾಗಿ ಜಾರಿದ್ರೆ ಆ ಹಿಡಿತ ಸಿಗೋದಿಲ್ಲ. ಮೇಲಾಗಿ ಆ ರಾಸಾಯನಿಕ ಕೆಲವು ಆಯಿಲ್‌ಗಳಲ್ಲಿ ಹಿತ್ತಾಳೆಯನ್ನೂ ತಿನ್ನುತ್ತದೆ.

ಗೊಂದಲಕ್ಕೆ ಕಾರಣವೂ ಉಂಟು. ಆಲ್ಟೊ, ವ್ಯಾಗನ್ಆರ್, ಸ್ವಿಫ್ಟ್‌ನಂಥ ಗಾಡಿಗಳಲ್ಲಿ ಮುಂದಿನ ಗಾಲಿಗೇ ಎಳೆತ, ಗೇರ್ ಬಾಕ್ಸ್, ಡಿಫರೆನ್ಷಿಯಲ್ ಎರಡೂ ಒಂದೇ ಪೆಟ್ಟಿಗೆಯೊಳಗೆ, ಒಂದೇ ಆಯಿಲ್. ಓಮ್ನಿ, ಈಕೊ, ಬೊಲೆರೊದಲ್ಲಿ ಎಳೆತ ಹಿಂದಿನ ಗಾಲಿಗೆ, ಹಿಂದೆ ಡಿಫರೆನ್ಷಿಯಲ್ ಬೇರೆಯೇ ಇರ್ತದ. ಆ ಹಿಂದಿನದಕ್ಕೆ ಜಿಎಲ್-5 ಬೇಕೇಬೇಕು. ಅಲ್ಲಿಗೆ ತಂದ ಡಬ್ಬಿಯಲ್ಲಿ ಉಳಿದದ್ದನ್ನು ಗೇರ್ ಬಾಕ್ಸಿಗೂ ಸುರಿಯೋದು ನಡೀತಿರ್ತದ. ಪುಸ್ತಕದಲ್ಲಿ ಜಿಎಲ್-4 ಅಂತ ಇದ್ರ ಜಿಎಲ್-4 ಅಂತಲೇ ಕೇಳಿ ತಗೊಳ್ರಿ.

ಈಗ ಕೆಲಸಕ್ಕೆ ಬರೋಣ. ಐದಾರು ಕಿ.ಮೀ. ಓಡಿಸಿ ಬಂದ್ರೆ ಆಯಿಲ್ ಬೆಚ್ಚಗಾಗಿ ಚೆನ್ನಾಗಿ ಇಳೀತದ, ಕೈ ಸುಡುವಷ್ಟು ಬಿಸಿ ಬೇಡ. ಜಾಗ ಸಪಾಟ ಇರಬೇಕು, ಮನೆ ಮುಂದಿನ ಇಳಿಜಾರು ಕಟ್ಟೆ ನಡೆಯೋದಿಲ್ಲ. ಗಾಡಿ ಜೊತೆ ಬಂದ ಜಾಕ್ ಬರೀ ಗಾಲಿ ಬದಲಿಸೋಕೆ. ಅದರ ಮೇಲೆ ಎತ್ತಿಟ್ಟ ಗಾಡಿ ಕೆಳಗೆ ತಲೆ ಹಾಕಬಾರದು, ಐದು ನಿಮಿಷದ ಕೆಲಸ ಅಂತಲೂ ಹಾಕಬಾರದು. ಕಬ್ಬಿಣದ ಜಾಕ್ ಸ್ಟ್ಯಾಂಡ್ ಕೊಟ್ಟು, ನೆಲದ ಮೇಲಿರೋ ಗಾಲಿಗೆ ಹಿಂದೆ ಮುಂದೆ ಕಲ್ಲು ಇಟ್ಟು, ಗಾಡಿ ಅಲುಗಾಡಿಸಿ ನೋಡಿದ ಮೇಲೆಯೇ ಕೆಳಗೆ ಹೋಗಬೇಕು. ಇಟ್ಟಂಗಿ, ಹಾಲೋ ಬ್ಲಾಕ್ ಮೇಲೆ ನಿಲ್ಲಿಸಬ್ಯಾಡ್ರಿ, ಅವು ಒಮ್ಮೆಲೇ ಒಡೀತಾವ.

ಗೇರ್ ಬಾಕ್ಸಿಗೆ ಎರಡು ಪ್ಲಗ್ ಇರ್ತಾವ. ಬದಿಯಲ್ಲಿ ಮೇಲಿನದು ತುಂಬೋದಕ್ಕೆ, ತಳದ್ದು ಇಳಿಸೋದಕ್ಕೆ. ಮೊದಲು ಬಿಚ್ಚಬೇಕಾದದ್ದು ಮೇಲಿನದು. ಇದನ್ನು ನಾನು ಕಲಿತದ್ದು ಕೆಟ್ಟ ಮೇಲೆ. ಮೊದಲ ಸಲ ಒಂದು ಭಾನುವಾರ ಉಮೇದಿಯಿಂದ ತಳದ ಪ್ಲಗ್ ಬಿಚ್ಚಿ ಪೂರ್ತಿ ಆಯಿಲ್ ಇಳಿಸಿದೆ. ಆಮೇಲೆ ನೋಡಿದ್ರ ಮೇಲಿನದು ತುಕ್ಕು ಹಿಡಿದು ಕುಂತಿತ್ತು. ಸರಿಯಾದ ಪಾನಾ ಇಲ್ಲದೆ ತಿರುವಿ ತಿರುವಿ ಅದರ ತಲೆ ದುಂಡಗಾಯ್ತು. ಆಯಿಲ್ ಇಲ್ಲದ ಗಾಡಿ ಓಡಿಸೋ ಹಂಗಿಲ್ಲ, ತುಂಬೋಕೆ ದಾರಿಯಿಲ್ಲ. ಮರುದಿನ ಮೆಕ್ಯಾನಿಕ್ ಮನೆಗೇ ಬಂದು ಉಳಿ ಹೊಡೆದು ತೆಗೆದ್ರು. ಉಳಿಸಿದ ದುಡ್ಡು ಅಲ್ಲೇ ಹೋಯ್ತು. ಮೇಲಿನದು ಸಡಿಲಾಗಲಿಲ್ಲ ಅಂದ್ರ ತಳದ್ದನ್ನು ಮುಟ್ಟದೆ ಗ್ಯಾರೇಜಿಗೆ ಓಡಿಸಿಕೊಂಡು ಹೋಗ್ರಿ. ಕೆಲವು ಪ್ಲಗ್ಗಿಗೆ ಆರು ಮೂಲೆ ತಲೆ, ಕೆಲವಕ್ಕೆ ಒಳಗೆ ಚೌಕ ಕುಳಿ, ಕೆಲವಕ್ಕೆ ಅಲೆನ್ ಕೀ. ಮುಂಚೆಯೇ ಬಗ್ಗಿ ನೋಡಿ ಅದಕ್ಕೆ ತಕ್ಕ ಪಾನಾ ತರ್ರಿ.

ಇಳಿದ ಆಯಿಲ್ ಗಾಡಿಯ ಆರೋಗ್ಯ ಹೇಳ್ತದ. ತಳದ ಪ್ಲಗ್ಗಿಗೆ ಅಯಸ್ಕಾಂತ ಇದ್ರ ಅದರ ಮೇಲೆ ಬೂದು ಬಣ್ಣದ ನುಣ್ಣನೆ ಮೆತ್ತೆ ಇರೋದು ಸಹಜ, ಒರೆಸಿಬಿಡ್ರಿ. ಕಬ್ಬಿಣದ ಚೂರು, ಹಲ್ಲಿನ ತುಂಡು ಬಂದ್ರೆ ಮಾತ್ರ ಹೊಸ ಆಯಿಲ್ ಹಾಕಿ ಸುಮ್ಮನಿರೋ ಹಂಗಿಲ್ಲ, ಬಲ್ಲವರಿಗೆ ತೋರಿಸಬೇಕು. ಹಾಲು ಹಾಕಿದ ಚಹಾದ ಬಣ್ಣ ಇದ್ರ ಒಳಗೆ ನೀರು ಸೇರಿದೆ ಅಂತ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತದ್ದು ಎಲ್ಲರಿಗೂ ನೆನಪಿದೆ. ಅಂಥ ನೀರಿನಲ್ಲಿ ಗಾಡಿ ದಾಟಿಸಿದಾಗ ಕಾದ ಗೇರ್ ಬಾಕ್ಸ್ ಒಮ್ಮೆಲೇ ತಣ್ಣಗಾಗ್ತದ, ಒಳಗಿನ ಗಾಳಿ ಕುಗ್ಗಿ ಉಸಿರಾಟದ ತೂತಿನಿಂದ ನೀರನ್ನು ಒಳಗೆ ಎಳೀತದ. ಹಂಗ ಆಗಿದ್ರ ಕಿ.ಮೀ. ಲೆಕ್ಕ ನೋಡದೆ ಬದಲಿಸ್ರಿ, ಸ್ವಲ್ಪ ದಿನ ಓಡಿಸಿ ಇನ್ನೊಮ್ಮೆ ಬದಲಿಸ್ರಿ.

ಪೂರ್ತಿ ಇಳಿದ ಮೇಲೆ ಹೊಸ ವಾಷರ್ ಹಾಕಿ ತಳದ ಪ್ಲಗ್ ಬಿಗಿ ಮಾಡ್ರಿ. ಪೆಟ್ಟಿಗೆ ಅಲ್ಯೂಮಿನಿಯಂನದು, ಪೈಲ್ವಾನರಂಗ ಬಿಗಿದ್ರೆ ಮರೆಯೇ ಕಿತ್ತು ಬರ್ತದ. ಹೊಸ ಆಯಿಲ್ ಹಾಕೋಕೆ ದೊಡ್ಡ ಸಿರಿಂಜ್ ಸಾಕು. ಬಾನೆಟ್ ಕಡೆಯಿಂದ ಉದ್ದ ಪೈಪು ಬಿಟ್ಟು ಲಾಳಿಕೆ ಹಚ್ಚಿದ್ರೂ ನಡೀತದ. ಬಹಳ ಕಾರುಗಳಲ್ಲಿ ಗಾಡಿ ಸಮ ನಿಂತಾಗ ಮೇಲಿನ ತೂತಿನಿಂದ ಹನಿ ಹೊರಚೆಲ್ಲಿದ್ರೆ ಅದೇ ಸರಿ ಮಟ್ಟ. ಮುಂಭಾಗ ಎತ್ತಿದ್ದಾಗ ಆ ಮಟ್ಟ ಸುಳ್ಳು ಹೇಳ್ತದ, ಅದಕ್ಕೆ ಪುಸ್ತಕದ ಅಳತೆಯನ್ನೂ ಇಳಿದ ಆಯಿಲ್‌ನ ಅಳತೆಯನ್ನೂ ತಾಳೆ ನೋಡ್ರಿ. ಆಟೊಮ್ಯಾಟಿಕ್, ಎಎಂಟಿ ಗಾಡಿಯವರು ಇದರ ಗೊಡವೆಗೆ ಹೋಗಬ್ಯಾಡ್ರಿ, ಅದರ ವಿಧಾನವೇ ಬೇರೆ.

ಹಳೇ ಆಯಿಲ್ ಗಟಾರಕ್ಕೆ ಚೆಲ್ಲಬ್ಯಾಡ್ರಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಬಳಸಿದ ಆಯಿಲ್ ಕೂಡ ಸೇರಿದೆ. ಬಾಗಿಲಿಗೆ ಗೆದ್ದಲು ಹತ್ತಬಾರದು ಅಂತ ಬಳಿಯೋದು, ದನದ ಗಾಯಕ್ಕೆ ಹಚ್ಚೋದು ಎರಡೂ ಬೇಡ. ಕ್ಯಾನಿಗೆ ತುಂಬಿ, ಹಳೇ ಆಯಿಲ್ ಸಂಗ್ರಹಿಸಿ ಮರುಬಳಕೆಗೆ ಕಳಿಸೋ ಗ್ಯಾರೇಜಿಗೆ ಕೊಡ್ರಿ.

ರಾತ್ರಿ ಗಾಡಿ ಕೆಳಗೆ ಹಳೇ ಪೇಪರ್ ಹಾಸಿಡ್ರಿ. ಬೆಳಿಗ್ಗೆ ಹನಿ ಬಿದ್ದಿದ್ರೆ ಪ್ಲಗ್ ಮತ್ತೊಮ್ಮೆ ನೋಡಬೇಕು. ಬಿದ್ದಿಲ್ಲ ಅಂದ್ರ ತಾರೀಖು, ಕಿ.ಮೀ. ಎರಡನ್ನೂ ಆಯಿಲ್ ಬಿಲ್ಲಿನ ಹಿಂದೆ ಬರೆದು ಗಾಡಿ ಕಾಗದಪತ್ರದ ಜೊತೆ ಇಟ್ಟುಬಿಡ್ರಿ.